ಹೊಸಬನ ಕಣ್ಣಿಗೆ ಲಂಡನ್ನಿನ ಬೀದಿಗಳು



1888ನೆಯ ಇಸವಿ. ಕಾನೂನು ಓದಲೆಂದು ಹಡಗು ಹತ್ತಿ ಲಂಡನ್ನಿಗೆ ಬಂದ ಹತ್ತೊಂಬತ್ತು ವರ್ಷದ ಭಾರತೀಯ ತರುಣನೊಬ್ಬ ಹಸಿದ ಹೊಟ್ಟೆಯಲ್ಲಿ ಬೀದಿ ಬೀದಿ ಅಲೆಯುತ್ತಿದ್ದ. ಕೈಯಲ್ಲಿ ಕಾಸಿರಲಿಲ್ಲವೆಂದಲ್ಲ. ಮದ್ಯ ಮಾಂಸಗಳನ್ನು ಮುಟ್ಟುವುದಿಲ್ಲವೆಂದು ಊರು ಬಿಡುವ ಮುನ್ನ ತಾಯಿಗೆ ಮಾತು ಕೊಟ್ಟಿದ್ದ. ಬಿಡಾರದ ಮನೆಯಲ್ಲಿ ಸಿಗುತ್ತಿದ್ದುದು ಉಪ್ಪು ಖಾರವಿಲ್ಲದ ಬೇಯಿಸಿದ ತರಕಾರಿ, ಎರಡು ಮೂರು ಚೂರು ಬ್ರೆಡ್ಡು. ಇನ್ನೊಂದು ಚೂರು ಕೇಳಲು ಸಂಕೋಚ. ಊರಿನಲ್ಲಿ ಸಸ್ಯಾಹಾರದ ಊಟದ ಮನೆಗಳಿವೆಯೆಂದು ಮನೆಯೊಡತಿ ಹೇಳಿದ್ದಳು. ಎಲ್ಲಿವೆಯೆಂದು ಗೊತ್ತಿರಲಿಲ್ಲ. ಸರಿ, ತರುಣ ನಡೆಯತೊಡಗಿದ. ದಿನಕ್ಕೆ ಹತ್ತು ಹನ್ನೆರಡು ಮೈಲಿ!

ಹೀಗೆ ನಡೆಯುತ್ತಿದ್ದಾಗ ಒಂದು ದಿನ ಫ್ಯಾರಿಂಗ್ಡನ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಅಂಥದೊಂದು ಊಟದ ಮನೆ ಕಣ್ಣಿಗೆ ಬಿತ್ತು. ಬಾಗಿಲ ಬಳಿಯ ಗಾಜಿನ ಕಿಟಕಿಯಲ್ಲಿ ಮಾರಾಟಕ್ಕಿಟ್ಟ ಪುಸ್ತಕಗಳಿದ್ದವು. ಅದರಲ್ಲಿ ಹೆನ್ರಿ ಸಾಲ್ಟ್ ಎಂಬಾತ ಸಸ್ಯಾಹಾರದ ಬಗ್ಗೆ ಬರೆದ ಪುಸ್ತಕವೊಂದನ್ನು ಒಂದು ಶಿಲ್ಲಿಂಗ್ ಕೊಟ್ಟು ಕೊಂಡು, ನೇರವಾಗಿ ಊಟಕ್ಕೆ ಕುಳಿತ. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆ ತುಂಬ ಉಂಡದ್ದು ಅದೇ ಮೊದಲು.

ಆ ತರುಣ ಯಾರೆಂದು ನೀವು ಆಗಲೇ ಊಹಿಸಿರಬೇಕು. ಮೋಹನದಾಸ ಕರಮಚಂದ ಗಾಂಧಿ. ಈ ಪ್ರಸಂಗವನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಲ್ಲಿಯವರೆಗೆ ಕೊಟ್ಟ ಮಾತಿಗಾಗಿ ಸಸ್ಯಾಹಾರಿಯಾಗಿದ್ದವರು, ಆ ಪುಸ್ತಕ ಓದಿದ ಮೇಲೆ ತಮ್ಮ ವಿಚಾರದಿಂದಲೇ ಸಸ್ಯಾಹಾರಿಯಾದರು. ಲಂಡನ್ನಿನ ಸಸ್ಯಾಹಾರಿ ಸಂಘವನ್ನು ಸೇರಿದರು, ಅದರ ಕಾರ್ಯಕಾರಿ ಸಮಿತಿಗೂ ಬಂದರು. ಅವರ ಮೊದಲ ಲೇಖನಗಳು ಅಚ್ಚಾದದ್ದು 1891ರಲ್ಲಿ, ‘ದಿ ವೆಜಿಟೇರಿಯನ್’ ಎಂಬ ಪತ್ರಿಕೆಯಲ್ಲಿ. ಸಂಘದ ಕೆಲಸ, ಪತ್ರಿಕೆಯ ಬರವಣಿಗೆ ಇವೆರಡರ ಮೊದಲ ಪಾಠ ಗಾಂಧೀಜಿಗೆ ದೊರೆತದ್ದು ಇಲ್ಲಿ. ಹಸಿವು ಹೊರಡಿಸಿದ ನಡಿಗೆಯಿಂದ.

ಒಂದು ಮಾತನ್ನು ಗಮನಿಸಿ. ಆ ಊಟದ ಮನೆಯ ಮುಂದೆ ದಿನವೂ ಎಷ್ಟೋ ಲಂಡನ್ನಿಗರು ಓಡಾಡುತ್ತಿದ್ದರು. ಅವರಿಗೆ ಅದು ಬೀದಿಯ ಇನ್ನೊಂದು ಬಾಗಿಲು ಮಾತ್ರ. ಹೊಸಬನಿಗೆ ಮಾತ್ರ ಅದು ಕಂಡಿತು, ಏಕೆಂದರೆ ಅವನು ಹುಡುಕುತ್ತಿದ್ದ. ಪರಸ್ಥಳದಿಂದ ಬಂದವನಿಗೆ ಊರಿನ ಬಗ್ಗೆ ತಿಳಿದಿರುವುದು ಕಡಿಮೆ, ನಿಜ. ಆದರೆ ತಿಳಿಯದವನೇ ಪ್ರಶ್ನೆ ಕೇಳುತ್ತಾನೆ. ಇತಿಹಾಸ ಆರಂಭವಾಗುವುದು ಪ್ರಶ್ನೆಯಿಂದ.

ಈಗ ನೀವೇ ಕರ್ನಾಟಕದ ಯಾವುದೋ ಊರಿನಿಂದ ಓದಲು ಲಂಡನ್ನಿಗೆ ಹೋಗಿದ್ದೀರಿ ಎಂದುಕೊಳ್ಳಿ. ಗೋಪುರದ ಗಡಿಯಾರ, ಅರಮನೆ, ವಸ್ತುಸಂಗ್ರಹಾಲಯದಲ್ಲಿರುವ ನಮ್ಮ ಟೀಪು ಸುಲ್ತಾನನ ಮರದ ಹುಲಿ ಇವನ್ನೆಲ್ಲ ಪ್ರವಾಸಿಗರ ಪುಸ್ತಕವೇ ತೋರಿಸುತ್ತದೆ. ಅವನ್ನು ಬದಿಗಿಟ್ಟು, ಯಾರೂ ತೋರಿಸದ ಕೆಲವು ಸಣ್ಣ ವಸ್ತುಗಳನ್ನು ನೋಡುತ್ತ ನಡೆಯೋಣ, ಬನ್ನಿ.

ಕಾಲ ಕೆಳಗಿನ ಕಬ್ಬಿಣ

ಮೊದಲು ತಲೆ ತಗ್ಗಿಸಿ ನೋಡಿ. ಹಳೆಯ ಸಾಲುಮನೆಗಳ ಮುಂದಿನ ಫುಟ್‌ಪಾತಿನ ಕಲ್ಲುಹಾಸಿನಲ್ಲಿ ಅಲ್ಲಲ್ಲಿ ದುಂಡನೆಯ ಕಬ್ಬಿಣದ ಮುಚ್ಚಳಗಳಿವೆ. ಅಗಲ ಸುಮಾರು ಒಂದು ಅಡಿ. ಕೆಲವದರ ಮೇಲೆ ನಕ್ಷತ್ರ, ಕೆಲವದರ ಮೇಲೆ ಹೂವು, ಚಕ್ರ; ಸುತ್ತಲೂ ಎರಕ ಹೊಯ್ದವರ ಹೆಸರು. ಚರಂಡಿಯ ಮುಚ್ಚಳವೆನ್ನಲು ತೀರ ಚಿಕ್ಕದು. ಹಾಗಾದರೆ ಇದೇನು?

ಇದು ಕಲ್ಲಿದ್ದಲು ಸುರಿಯುವ ಬಾಯಿ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಅಡಿಗೆಗೂ ಕಲ್ಲಿದ್ದಲು, ಚಳಿ ಕಾಯಿಸಿಕೊಳ್ಳಲೂ ಕಲ್ಲಿದ್ದಲು. ಫುಟ್‌ಪಾತಿನ ಕೆಳಗೆ ಮನೆಗೆ ಸೇರಿದ ನೆಲಮಾಳಿಗೆ ಇರುತ್ತಿತ್ತು. ಗಾಡಿಯವನು ಮುಚ್ಚಳ ತೆಗೆದು ಮೂಟೆಯನ್ನು ಅಲ್ಲಿಯೇ ಸುರಿದು ಹೋಗುತ್ತಿದ್ದ. ಮನೆಯೊಳಗೆ ಮಸಿ ಬೀಳುತ್ತಿರಲಿಲ್ಲ. ತೂತು ಏಕೆ ಅಷ್ಟು ಚಿಕ್ಕದು? ಕಳ್ಳ ನುಸುಳಬಾರದೆಂದು. ಮೇಲೆ ಉಬ್ಬು ಚಿತ್ರಗಳೇಕೆ? ಮಳೆಯಲ್ಲಿ ನಡೆಯುವವರ ಕಾಲು ಜಾರಬಾರದೆಂದು. ಅಂದವೂ ಆಯಿತು, ಉಪಯೋಗವೂ ಆಯಿತು.

ಹಾಗಿದ್ದರೆ ಈ ಬಾಯಿಗಳು ಕೆಲಸ ನಿಲ್ಲಿಸಿದ್ದೇಕೆ? ಲಕ್ಷಾಂತರ ಒಲೆಗಳ ಹೊಗೆ ಊರ ಮೇಲೆಯೇ ನಿಲ್ಲುತ್ತಿತ್ತು. 1952ರ ಡಿಸೆಂಬರ್ 5ರಿಂದ 9ರವರೆಗೆ ಗಾಳಿ ಅಲುಗದೆ, ಮಂಜು ಮತ್ತು ಹೊಗೆ ಬೆರೆತು ಲಂಡನ್ನನ್ನು ಮುಚ್ಚಿಬಿಟ್ಟಿತು. ಹಗಲಿನಲ್ಲೇ ದಾರಿ ಕಾಣದಾಯಿತು. ಉಸಿರಾಟದ ತೊಂದರೆಯಿಂದ ಸುಮಾರು 4,000 ಜನ ಸತ್ತರೆಂದು ಆಗ ಲೆಕ್ಕ ಹಾಕಲಾಯಿತು. ಅನಂತರದ ಸಂಶೋಧಕರು ಈ ಸಂಖ್ಯೆ 12,000ದವರೆಗೂ ಇರಬಹುದೆಂದರು. ಇದರ ಪರಿಣಾಮವಾಗಿ 1956ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ಕ್ರಮೇಣ ಮನೆಗಳಿಂದ ಕಲ್ಲಿದ್ದಲು ಹೊರಟುಹೋಯಿತು, ಮುಚ್ಚಳಗಳು ಉಳಿದವು. ಕಾಲ ಕೆಳಗಿನ ಒಂದು ಅಡಿ ಕಬ್ಬಿಣದಲ್ಲಿ ಒಂದು ನಗರದ ಒಲೆ, ಹೊಗೆ, ಸಾವು, ಕಾಯಿದೆ ಎಲ್ಲವೂ ಇದೆ ನೋಡಿ.

ಈ ಮುಚ್ಚಳಗಳನ್ನು ಮೊದಲು ಗಂಭೀರವಾಗಿ ನೋಡಿದವನು ಒಬ್ಬ ವಿದ್ಯಾರ್ಥಿ ಎಂಬುದು ನಿಮಗೆ ಸಂತೋಷ ತರುವ ಸಂಗತಿ. ಕಿಂಗ್ಸ್ ಕಾಲೇಜಿನಲ್ಲಿ ವೈದ್ಯಕೀಯ ಓದುತ್ತಿದ್ದ ಶೆಫರ್ಡ್ ಟೇಲರ್, 1863ರಲ್ಲಿ ಬೀದಿಬೀದಿಗಳಲ್ಲಿ ನಿಂತು ಸುಮಾರು 150 ಬಗೆಯ ಮುಚ್ಚಳಗಳ ಚಿತ್ರ ಬರೆದುಕೊಂಡ. ಅವು ‘ಆಪರ್ಕ್ಯುಲಾ’ ಎಂಬ ಪುಸ್ತಕವಾಗಿ ಹೊರಬಂದದ್ದು 1929ರಲ್ಲಿ, ಅರವತ್ತಾರು ವರ್ಷಗಳ ಮೇಲೆ. ಜನ ತುಳಿದುಕೊಂಡು ಹೋಗುತ್ತಿದ್ದುದನ್ನು ಆತ ಬಗ್ಗಿ ನೋಡಿದ್ದ. ಇತಿಹಾಸದ ವಿದ್ಯಾರ್ಥಿಗೆ ಬೇಕಾದ ಮೊದಲ ಗುಣ ಇದೇ.

ಹಿಡಿಕೆಯಿಲ್ಲದ ಪಂಪು

ಎರಡನೆಯ ದಿನದ ನಡಿಗೆಯನ್ನು ಸೋಹೋ ಎಂಬ ಬಡಾವಣೆಯಿಂದ ಆರಂಭಿಸೋಣ. ಇಲ್ಲಿಯ ಬ್ರಾಡ್ವಿಕ್ ಸ್ಟ್ರೀಟಿನ ಅಂಚಿನಲ್ಲಿ ನೀರೆತ್ತುವ ಹಳೆಯ ಮಾದರಿಯ ಕೈಪಂಪೊಂದು ನಿಂತಿದೆ. ಅದಕ್ಕೆ ಹಿಡಿಕೆಯೇ ಇಲ್ಲ. ಮುರಿದುಹೋಯಿತೇ? ಇಲ್ಲ, ಬೇಕೆಂದೇ ಹಾಗೆ ಮಾಡಿ ನಿಲ್ಲಿಸಿದ್ದಾರೆ.

1854ರ ಆಗಸ್ಟ್ ಕೊನೆಯಲ್ಲಿ ಈ ಬೀದಿಯಲ್ಲಿ ಕಾಲರಾ ಕಾಣಿಸಿಕೊಂಡಿತು. ಕೆಲವೇ ವಾರಗಳಲ್ಲಿ 600ಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ವಾಸನೆಯ ಗಾಳಿಯಿಂದ ರೋಗ ಬರುತ್ತದೆಂದು ಆ ಕಾಲದ ಹೆಚ್ಚಿನ ವೈದ್ಯರು ನಂಬಿದ್ದರು. ಜಾನ್ ಸ್ನೋ ಎಂಬ ವೈದ್ಯ ಮಾತ್ರ ನೀರಿನ ಮೇಲೆ ಅನುಮಾನಪಟ್ಟ. ಅವನು ಮಾಡಿದ್ದೇನು? ಮನೆಮನೆಗೆ ನಡೆದ. ಸತ್ತವರು ಯಾವ ಪಂಪಿನ ನೀರು ಕುಡಿಯುತ್ತಿದ್ದರು ಎಂದು ಕೇಳಿದ. ಹೆಚ್ಚಿನ ಸಾವುಗಳು ಬ್ರಾಡ್ ಸ್ಟ್ರೀಟ್ ಪಂಪಿನ ಸುತ್ತಲೇ ಇದ್ದವು. ಅದಕ್ಕಿಂತ ಮುಖ್ಯವಾದದ್ದು, ಸಾಯದೆ ಉಳಿದವರ ಕಥೆ. ಪಕ್ಕದ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಯಾರೂ ಸತ್ತಿರಲಿಲ್ಲ; ಅವರು ಆ ಪಂಪಿನ ನೀರು ಮುಟ್ಟುತ್ತಿರಲಿಲ್ಲ. ಹತ್ತಿರದ ಬಡವರ ಆಶ್ರಯಧಾಮದಲ್ಲಿ 535 ಜನರಿದ್ದರೂ ಸತ್ತವರು ಐದೇ ಮಂದಿ. ಅಲ್ಲಿ ಸ್ವಂತ ಬಾವಿಯಿತ್ತು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ವಿಧವೆಯೊಬ್ಬಳು ಮಾತ್ರ ಕಾಲರಾದಿಂದ ಸತ್ತಿದ್ದಳು. ವಿಚಾರಿಸಿದರೆ, ಈ ಪಂಪಿನ ನೀರಿನ ರುಚಿ ಇಷ್ಟವೆಂದು ಆಕೆ ಅದನ್ನೇ ತರಿಸಿಕೊಂಡು ಕುಡಿಯುತ್ತಿದ್ದಳಂತೆ!

ಸೆಪ್ಟೆಂಬರ್ 7ರಂದು ಸ್ನೋ ತನ್ನ ಸಾಕ್ಷ್ಯವನ್ನು ಆಡಳಿತ ಮಂಡಲಿಯ ಮುಂದಿಟ್ಟ. ಮರುದಿನ ಪಂಪಿನ ಹಿಡಿಕೆ ತೆಗೆದರು. ಆ ಹೊತ್ತಿಗೆ ರೋಗ ಇಳಿಮುಖವಾಗಿತ್ತೆಂದು ಸ್ನೋ ಸ್ವತಃ ಒಪ್ಪಿಕೊಂಡಿದ್ದಾನೆ. ಆದ್ದರಿಂದ ಹಿಡಿಕೆ ತೆಗೆದೊಡನೆ ರೋಗ ನಿಂತಿತೆಂಬ ಕಥೆಯನ್ನು ಪೂರ್ತಿ ನಂಬಬೇಡಿ. ಅವನ ಗೆಲುವು ಇರುವುದು ಕೇಳಿದ ಪ್ರಶ್ನೆಯಲ್ಲಿ. ಅವನು 1858ರಲ್ಲಿಯೇ ತೀರಿಕೊಂಡ. ಜರ್ಮನಿಯ ರಾಬರ್ಟ್ ಕೋಖ್ ಕಾಲರಾದ ರೋಗಾಣುವನ್ನು ಗುರುತಿಸಿದ್ದು ಮುಂದೆ 1883-84ರಲ್ಲಿ, ಈಜಿಪ್ಟ್ ಮತ್ತು ನಮ್ಮ ಕೋಲ್ಕತ್ತದಲ್ಲಿ ನಡೆಸಿದ ಸಂಶೋಧನೆಯಿಂದ. ಈಗ ಬೀದಿಯಲ್ಲಿರುವ ಪಂಪು ಮೂಲದ್ದಲ್ಲ, 1992ರಲ್ಲಿ ಇಟ್ಟ ಪ್ರತಿಕೃತಿ. ಹತ್ತಿರದಲ್ಲೇ ಒಂದು ಮದ್ಯದಂಗಡಿಗೆ ಜಾನ್ ಸ್ನೋನ ಹೆಸರಿಟ್ಟಿದ್ದಾರೆ. ತಮಾಷೆಯೆಂದರೆ ಸ್ನೋ ಪಾನನಿರೋಧಿ!

ಅರವಟ್ಟಿಗೆ ಮತ್ತು ಹಸಿರು ಗೂಡು

ಅಲ್ಲಿಂದ ಈಶಾನ್ಯಕ್ಕೆ ನಡೆದರೆ ರಸೆಲ್ ಸ್ಕ್ವೇರ್ ಸಿಗುತ್ತದೆ. ರಸ್ತೆಯ ಬದಿಯಲ್ಲಿ ಹಸಿರು ಬಣ್ಣದ ಪುಟ್ಟ ಮರದ ಮನೆ. ಇದು ಬಾಡಿಗೆ ಕುದುರೆಗಾಡಿಯವರ ತಂಗುಗೂಡು. ನಿಲ್ದಾಣದಲ್ಲಿ ಗಾಡಿ ಬಿಟ್ಟು ಹೋಗುವಂತಿರಲಿಲ್ಲ. ಮಳೆ ಚಳಿಯಲ್ಲಿ ಬಿಸಿ ಊಟ ಬೇಕೆಂದರೆ ಹೆಂಡದಂಗಡಿಯೇ ಗತಿ. ಇದನ್ನು ಕಂಡ ಕೆಲವು ದಾನಿಗಳು 1875ರಲ್ಲಿ ನಿಧಿ ಕೂಡಿಸಿ ಇಂಥ ಗೂಡುಗಳನ್ನು ಕಟ್ಟಿಸಿದರು. ಇವು ಸಾರ್ವಜನಿಕ ರಸ್ತೆಯ ಮೇಲೆ ಇರುವುದರಿಂದ, ಒಂದು ಕುದುರೆ ಮತ್ತು ಗಾಡಿ ನಿಲ್ಲುವಷ್ಟು ಜಾಗಕ್ಕಿಂತ ದೊಡ್ಡದಾಗಿರಬಾರದೆಂಬ ನಿಯಮವಿತ್ತು. ಒಳಗೆ ಕುಡಿತ, ಜೂಜು, ಬೈಗುಳ ನಿಷಿದ್ಧ. 1914ರವರೆಗೆ 61 ಗೂಡುಗಳು ಎದ್ದವು. ಉಳಿದಿರುವುದು 13. ಇವೆಲ್ಲವಕ್ಕೂ ಈಗ ಕಾನೂನಿನ ರಕ್ಷಣೆಯಿದೆ.

ಇನ್ನೂ ಮುಂದೆ ನಡೆದರೆ ಹೋಬರ್ನ್ ವಯಾಡಕ್ಟ್. ಅಲ್ಲಿನ ಸೇಂಟ್ ಸೆಪಲ್ಕರ್ ಚರ್ಚಿನ ಕಂಬಿಬೇಲಿಯಲ್ಲಿ ಒಂದು ಕಲ್ಲಿನ ಗೂಡು, ಅದರಲ್ಲಿ ಸರಪಳಿ ಕಟ್ಟಿದ ಲೋಹದ ಬಟ್ಟಲು. ನಮ್ಮಲ್ಲಿ ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆ ಇಡುತ್ತಾರಲ್ಲವೇ? ಇದು ಲಂಡನ್ನಿನ ಅರವಟ್ಟಿಗೆ. ಸ್ಯಾಮ್ಯುಯೆಲ್ ಗರ್ನಿ ಎಂಬ ದಾನಿ 1859ರ ಏಪ್ರಿಲ್ 21ರಂದು ಇದನ್ನು ಜನರಿಗೆ ತೆರೆದ. ಹಿಡಿಕೆ ತೆಗೆದ ಪಂಪಿಗೂ ಈ ಬಟ್ಟಲಿಗೂ ನಡುವೆ ಇರುವುದು ಐದೇ ವರ್ಷ ಎಂಬುದನ್ನು ನೆನಪಿಡಿ. ಬಡವನಿಗೆ ಶುದ್ಧವಾದ ನೀರು ಪುಕ್ಕಟೆ ಸಿಗಬೇಕು, ಬಾಯಾರಿಕೆಗೆ ಅವನು ಬಿಯರ್ ಅಂಗಡಿಗೆ ಹೋಗುವಂತಾಗಬಾರದು ಎಂಬುದು ಇದರ ಉದ್ದೇಶ. ಇದೇ ಸಂಘ ಮುಂದೆ ದನಕರು, ಕುದುರೆಗಳಿಗೆ ಕಲ್ಲಿನ ನೀರುತೊಟ್ಟಿಗಳನ್ನೂ ಇಡಿಸಿತು. ಲಂಡನ್ನಿನ ರಸ್ತೆಗಳಲ್ಲಿ ಆ ಉದ್ದನೆಯ ತೊಟ್ಟಿಗಳು ಇನ್ನೂ ಇವೆ. ಕುದುರೆಗಳಿಲ್ಲವಾದ್ದರಿಂದ ಹಲವದರಲ್ಲಿ ಹೂಗಿಡ ನೆಟ್ಟಿದ್ದಾರೆ.

ಇಂಥ ಅರವಟ್ಟಿಗೆಗಳಲ್ಲಿ ಒಂದನ್ನು ಕಟ್ಟಿಸಿದವರು ಭಾರತೀಯರು. ರೀಜೆಂಟ್ಸ್ ಪಾರ್ಕ್ ಉದ್ಯಾನದಲ್ಲಿರುವ ಗೋಪುರದಂಥ ನೀರಿನ ಚಿಲುಮೆ 1869ರಲ್ಲಿ ಮುಂಬಯಿಯ ಪಾರಸಿ ವರ್ತಕ ಕಾವಸ್‌ಜಿ ಜಹಾಂಗೀರ್ ರೆಡಿಮನಿ ಕೊಟ್ಟ ಕೊಡುಗೆ. ಭಾರತದಲ್ಲಿ ಪಾರಸಿಗಳಿಗೆ ದೊರೆತ ರಕ್ಷಣೆಗೆ ಕೃತಜ್ಞತೆಯಾಗಿ ಇದನ್ನು ಕೊಟ್ಟರು. ಆಳುವವರ ರಾಜಧಾನಿಗೆ ಆಳಿಸಿಕೊಳ್ಳುವವರು ನೀರು ಕೊಟ್ಟ ಈ ಸಂಗತಿಯನ್ನು ಎಷ್ಟು ಪಠ್ಯಪುಸ್ತಕಗಳು ಹೇಳುತ್ತವೆ?

ಗೋಡೆಯ ಮೇಲಿನ ನೀಲಿ ಫಲಕ

ಆ ಉದ್ಯಾನದಿಂದ ಉತ್ತರಕ್ಕೆ ಪ್ರಿಮ್ರೋಸ್ ಹಿಲ್ ಎಂಬ ಹುಲ್ಲಿನ ಗುಡ್ಡ ಹತ್ತಿ ಇಳಿದರೆ ಕಿಂಗ್ ಹೆನ್ರೀಸ್ ರೋಡ್. ಅಲ್ಲಿ 10ನೆಯ ನಂಬರಿನ ಮನೆಯ ಗೋಡೆಯ ಮೇಲೆ ನೀಲಿ ಬಣ್ಣದ ಫಲಕವಿದೆ. ಭೀಮರಾವ್ ರಾಮಜಿ ಅಂಬೇಡ್ಕರ್ 1921-22ರಲ್ಲಿ ವಿದ್ಯಾರ್ಥಿಯಾಗಿ ವಾಸವಿದ್ದ ಮನೆ ಇದು. ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ಭಾರತಕ್ಕೆ ಮರಳಬೇಕಾಗಿ ಬಂದಿದ್ದ ಅವರು, ಹಣ ಕೂಡಿಸಿಕೊಂಡು ಮತ್ತೆ ಬಂದು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದಿದರು. ಬ್ರಿಟಿಷ್ ಮ್ಯೂಸಿಯಂನ ಗ್ರಂಥಾಲಯದಲ್ಲಿ ದಿನವಿಡೀ ಕುಳಿತು ಓದುತ್ತಿದ್ದವರು ಅವರು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಈ ಮನೆಯನ್ನು ಕೊಂಡು ಸ್ಮಾರಕ ಮಾಡಿತು.

ಗೋಡೆಗೆ ಫಲಕ ಹಾಕುವ ಈ ಪದ್ಧತಿ ಬಂದದ್ದು ಹೇಗೆ? ವಿಲಿಯಂ ಎವರ್ಟ್ ಎಂಬ ಪಾರ್ಲಿಮೆಂಟ್ ಸದಸ್ಯ 1863ರಲ್ಲಿ ಈ ಸಲಹೆ ಕೊಟ್ಟ. 1867ರಲ್ಲಿ ಕವಿ ಬೈರನ್ ಹುಟ್ಟಿದ ಮನೆಗೆ ಮೊದಲ ಫಲಕ ಬಿತ್ತು. ಆದರೆ ಆ ಮನೆಯನ್ನೇ 1889ರಲ್ಲಿ ಕೆಡವಿದರು! ಫಲಕ ಹಾಕಿದ ಮಾತ್ರಕ್ಕೆ ಮನೆ ಉಳಿಯುವುದಿಲ್ಲ. ಉಳಿಸಬೇಕೆಂಬ ಮನಸ್ಸು ಇದ್ದರೆ ಮಾತ್ರ ಉಳಿಯುತ್ತದೆ.

ಬೇಲಿಯಾದ ಸ್ಟ್ರೆಚರು

ಮೂರನೆಯ ದಿನ ಥೇಮ್ಸ್ ನದಿಯ ದಕ್ಷಿಣ ದಡಕ್ಕೆ ಹೋಗೋಣ. ಲ್ಯಾಂಬೆತ್ ಸೇತುವೆಯ ಬಳಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಡೆಯುವ ಕನ್ನಡಿಗ ಒಂದು ಕ್ಷಣ ನಿಂತೇ ನಿಲ್ಲುತ್ತಾನೆ. ಹನ್ನೆರಡನೆಯ ಶತಮಾನದ ಬಸವೇಶ್ವರರ ಪ್ರತಿಮೆ ಅಲ್ಲಿದೆ. ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪನೆಯಾದ ಇದು 2015ರ ನವೆಂಬರ್ 14ರಂದು ಅನಾವರಣಗೊಂಡಿತು. ಅಂಬೇಡ್ಕರ್ ಸ್ಮಾರಕದ ಉದ್ಘಾಟನೆಯೂ ಅದೇ ದಿನ. ಪರಸ್ಥಳಕ್ಕೆ ಹೋದವರು ಆ ಊರಿನ ಗುರುತುಗಳನ್ನು ಓದುವುದಷ್ಟೇ ಅಲ್ಲ, ತಮ್ಮದೊಂದು ಗುರುತನ್ನೂ ಸೇರಿಸಬಲ್ಲರು.

ಸ್ವಲ್ಪ ದೂರದಲ್ಲಿ ಓವಲ್ ಕ್ರಿಕೆಟ್ ಮೈದಾನ. 1971ರ ಆಗಸ್ಟ್‌ನಲ್ಲಿ ನಮ್ಮ ಬಿ. ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ತಂದ ಮೈದಾನ ಅದು. ಅದನ್ನು ನೋಡಿದ ಮೇಲೆ, ದಕ್ಷಿಣ ಲಂಡನ್ನಿನ ಓವಲ್, ಪೆಕ್‌ಹ್ಯಾಮ್ ಕಡೆಯ ಹಳೆಯ ವಸತಿ ಸಮುಚ್ಚಯಗಳ ಬೇಲಿಗಳನ್ನು ನೋಡಿ. ಕೆಲವು ಕಡೆ ಬೇಲಿ ವಿಚಿತ್ರವಾಗಿದೆ. ಉಕ್ಕಿನ ಕೊಳವೆಗಳ ಚೌಕಟ್ಟು, ನಡುವೆ ತಂತಿಯ ಬಲೆ; ಕೊಳವೆಯ ತುದಿಗಳ ಬಳಿ ಕಾರಣವಿಲ್ಲದೆ ಒಂದೊಂದು ಬಾಗು. ಬೇಲಿಗೆ ಬಾಗು ಏಕೆ ಬೇಕು?

ಬೇಲಿಗೆ ಬೇಡ, ಸ್ಟ್ರೆಚರಿಗೆ ಬೇಕು. ಗಾಯಾಳುವನ್ನು ನೆಲಕ್ಕಿಳಿಸಿದಾಗ ಹೊರುವವರ ಬೆರಳು ಸಿಕ್ಕಿಕೊಳ್ಳದಂತೆ, ಸ್ಟ್ರೆಚರು ನೆಲದಿಂದ ಸ್ವಲ್ಪ ಮೇಲೆ ನಿಲ್ಲಲು ಆ ಬಾಗು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ದಾಳಿಯ ಗಾಯಾಳುಗಳಿಗಾಗಿ ಬ್ರಿಟನ್ ಇಂಥ ಸ್ಟ್ರೆಚರುಗಳನ್ನು ಲಕ್ಷಗಟ್ಟಲೆ ಮಾಡಿಸಿತು. ಬಟ್ಟೆಯ ಬದಲು ತಂತಿಬಲೆ ಏಕೆ? ಶತ್ರು ವಿಷಾನಿಲ ಬಿಡಬಹುದೆಂಬ ಭಯ. ಬಲೆಯಾದರೆ ಬೇಗ ತೊಳೆದು ಶುದ್ಧಮಾಡಬಹುದು. ಇತ್ತ, ಯುದ್ಧದ ಕೆಲಸಕ್ಕೆಂದು ಮನೆಗಳ ಮುಂದಿನ ಕಬ್ಬಿಣದ ಕಂಬಿಬೇಲಿಗಳನ್ನೆಲ್ಲ ಕಿತ್ತುಕೊಂಡು ಹೋಗಿದ್ದರು. ಯುದ್ಧ ಮುಗಿಯಿತು. ಕೈಯಲ್ಲಿ ಬೇಡವಾದ ಸ್ಟ್ರೆಚರುಗಳು, ಮನೆಗಳ ಮುಂದೆ ಬೇಲಿ ಇಲ್ಲ. ನಗರದ ಆಡಳಿತ ಸ್ಟ್ರೆಚರುಗಳನ್ನೇ ನಿಲ್ಲಿಸಿ ಕಂಬಗಳಿಗೆ ಬೆಸೆದು ಬೇಲಿ ಮಾಡಿತು.

ನೆತ್ತರಿನಲ್ಲಿ ತೊಯ್ದವರನ್ನು ಹೊರಲು ಮಾಡಿದ ವಸ್ತುವಿನ ಮೇಲೆ ಇಂದು ಮಕ್ಕಳು ಕೈಯೂರಿ ನಿಂತು ಗೆಳೆಯರನ್ನು ಕರೆಯುತ್ತಾರೆ. ಯುದ್ಧದ ದೊಡ್ಡ ಸ್ಮಾರಕಗಳಿಗೆ ಕಾವಲಿದೆ, ಹೂಮಾಲೆಯಿದೆ. ಈ ಬೇಲಿ ತುಕ್ಕು ಹಿಡಿಯುತ್ತಿದೆ. ಹಲವು ಕಡೆ ಗುಜರಿಗೂ ಹೋಗಿದೆ. ಇದೇನೆಂದು ಕೇಳಿದವರು ಇದ್ದ ಕಡೆ ಮಾತ್ರ ಉಳಿಸಿಕೊಳ್ಳುವ ಮಾತು ಬಂದಿದೆ.

ಎಲ್ಲ ಕಥೆಯೂ ಇತಿಹಾಸವಲ್ಲ

ಇಲ್ಲಿ ಒಂದು ಎಚ್ಚರಿಕೆ. ಲಂಡನ್ನಿನ ಹಳೆಯ ಮನೆಗಳಲ್ಲಿ ಇಟ್ಟಿಗೆಯಿಂದ ಮುಚ್ಚಿದ ಕಿಟಕಿಗಳನ್ನು ಕಾಣುತ್ತೀರಿ. ‘ಹಿಂದೆ ಕಿಟಕಿಗೆ ತೆರಿಗೆ ಇತ್ತು, ಅದನ್ನು ತಪ್ಪಿಸಲು ಮುಚ್ಚಿದರು’ ಎಂದು ಯಾರಾದರೂ ಹೇಳುತ್ತಾರೆ. ತೆರಿಗೆ ಇದ್ದದ್ದು ನಿಜ: 1696ರಿಂದ 1851ರವರೆಗೆ. ತೆರಿಗೆಗಾಗಿ ಮುಚ್ಚಿದ ಕಿಟಕಿಗಳೂ ಉಂಟು. ಆದರೆ ಎಷ್ಟೋ ಮನೆಗಳಲ್ಲಿ, ಎಡಬಲ ಸಮವಾಗಿ ಕಾಣಲೆಂದು ಕಟ್ಟುವಾಗಲೇ ಕುರುಡು ಕಿಟಕಿ ಇಟ್ಟಿದ್ದಾರೆ. ತೆರಿಗೆ ರದ್ದಾದ ಮೇಲೆ ಕಟ್ಟಿದ ಮನೆಯಲ್ಲಿ ಅಂಥ ಕಿಟಕಿ ಕಂಡರೆ ತೆರಿಗೆಯ ಕಥೆ ಹೊಂದುವುದಿಲ್ಲ ತಾನೆ? ಹಾಗೆಯೇ ಫುಟ್‌ಪಾತಿನ ಅಂಚಿನ ಕಬ್ಬಿಣದ ಗೂಟಗಳೆಲ್ಲ ಯುದ್ಧದಲ್ಲಿ ಗೆದ್ದ ಫ್ರೆಂಚ್ ಫಿರಂಗಿಗಳು ಎನ್ನುವವರಿದ್ದಾರೆ. ಕೆಲವು ನಿಜವಾಗಿ ಹಳೆಯ ಫಿರಂಗಿಗಳೇ. ಹೆಚ್ಚಿನವು ಆ ಆಕಾರದಲ್ಲಿ ಎರಕ ಹೊಯ್ದ ಗೂಟಗಳು ಮಾತ್ರ.

ಆದ್ದರಿಂದ ಬೀದಿಯಲ್ಲಿ ಕೇಳಿದ ಕಥೆಯನ್ನು ಸಂತೋಷದಿಂದ ಕೇಳಿ. ಆದರೆ ಬರೆದುಕೊಳ್ಳುವ ಮುನ್ನ ವಸ್ತುವಿನ ಕಾಲ ಯಾವುದು, ಕಥೆಯ ಕಾಲ ಯಾವುದು ಎಂದು ತಾಳೆ ನೋಡಿ. ಜಾನ್ ಸ್ನೋ ಮಾಡಿದ್ದೂ ಇದನ್ನೇ.

ಲಂಡನ್ನಿನ ವೀರಗಲ್ಲು

ನಮ್ಮ ಕೊನೆಯ ನಿಲುಗಡೆಗೆ ಹೋಗುವ ಮುನ್ನ, ಅದೇ ದಕ್ಷಿಣ ದಡದ ಯೂನಿಯನ್ ಸ್ಟ್ರೀಟಿನ ಹತ್ತಿರ ಏರ್ಸ್ ಸ್ಟ್ರೀಟ್ ಎಂಬ ಚಿಕ್ಕ ಬೀದಿಯನ್ನು ನೋಡಿ. 1936ರಲ್ಲಿ ಈ ಬೀದಿಗೆ ಆ ಹೆಸರು ಬಂತು. ಯಾರ ಹೆಸರು? ರಾಣಿಯದಲ್ಲ, ಸೇನಾಪತಿಯದಲ್ಲ. ಆಲಿಸ್ ಏರ್ಸ್ ಎಂಬ, ಗಾರೆ ಕೆಲಸದ ಕೂಲಿಯೊಬ್ಬನ ಮಗಳದು. ಯೂನಿಯನ್ ಸ್ಟ್ರೀಟಿನಲ್ಲಿ ಎಣ್ಣೆ, ಬಣ್ಣ ಮಾರುವ ಅಂಗಡಿಯ ಮೇಲಿನ ಮನೆಯಲ್ಲಿ ಆಕೆ ತನ್ನ ಅಕ್ಕನ ಮಕ್ಕಳನ್ನು ನೋಡಿಕೊಂಡಿದ್ದಳು. 1885ರ ಏಪ್ರಿಲ್‌ನ ಒಂದು ರಾತ್ರಿ ಅಂಗಡಿಗೆ ಬೆಂಕಿ ಬಿತ್ತು. ಕೆಳಗೆ ನೆರೆದ ಜನ ‘ನೀನು ಹಾರು, ಹಾರು’ ಎಂದು ಕೂಗುತ್ತಿದ್ದರು. ಆಲಿಸ್ ಹಾರಲಿಲ್ಲ. ಹಾಸಿಗೆಯನ್ನು ಕಿಟಕಿಯಿಂದ ಕೆಳಗೆಸೆದು, ಒಳಗೆ ಹೋಗಿ ಹೋಗಿ ಮೂವರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ತಂದು ಅದರ ಮೇಲೆ ಬಿಟ್ಟಳು. ಕೊನೆಗೆ ತಾನು ಹಾರುವ ಹೊತ್ತಿಗೆ ತ್ರಾಣ ಉಳಿದಿರಲಿಲ್ಲ. ಬಿದ್ದ ಪೆಟ್ಟಿನಿಂದ ಎರಡು ದಿನಗಳಲ್ಲಿ ತೀರಿಕೊಂಡಳು. ಆಗ ಆಕೆಗೆ ಇಪ್ಪತ್ತೈದು ವರ್ಷ.

ಈಗ ನದಿ ದಾಟಿ ಸೇಂಟ್ ಪಾಲ್ಸ್ ದೇವಾಲಯದ ಹಿಂದಿನ ಪೋಸ್ಟ್‌ಮನ್ಸ್ ಪಾರ್ಕಿಗೆ ಬನ್ನಿ. ಹತ್ತಿರದ ಅಂಚೆ ಕಚೇರಿಯವರು ಬುತ್ತಿ ತಂದು ಉಣ್ಣುತ್ತಿದ್ದ ತೋಟವಾದ್ದರಿಂದ ಆ ಹೆಸರು. ಅಲ್ಲಿ ಹಂಚಿನ ಮಾಡಿನ ಕೆಳಗೆ ಒಂದು ಗೋಡೆ. ಗೋಡೆಯ ತುಂಬ ಪಿಂಗಾಣಿಯ ಹಲಗೆಗಳು. ಒಂದರಲ್ಲಿ ಆಲಿಸ್ ಏರ್ಸ್. ಇನ್ನೊಂದರಲ್ಲಿ ಗಂಟಲಮಾರಿಯಿಂದ ನರಳುತ್ತಿದ್ದ ಮಗುವನ್ನು ಉಳಿಸಲು ಹೋಗಿ 1884ರಲ್ಲಿ ತಾನೇ ಸತ್ತ ತರುಣ ವೈದ್ಯ ಸ್ಯಾಮ್ಯುಯೆಲ್ ರ‍್ಯಾಬೆತ್. ಮತ್ತೊಂದರಲ್ಲಿ ಸಂಗಾತಿಯ ಬಟ್ಟೆಗೆ ಹತ್ತಿದ ಬೆಂಕಿ ಆರಿಸಲು ಹೋಗಿ ತಾನೇ ಸುಟ್ಟುಕೊಂಡ ನಾಟಕದ ಹುಡುಗಿ ಸೇರಾ ಸ್ಮಿತ್. ಎಲ್ಲರೂ ಇನ್ನೊಬ್ಬರನ್ನು ಉಳಿಸಲು ಹೋಗಿ ಸತ್ತ ಸಾಮಾನ್ಯರು. ಜಿ. ಎಫ್. ವಾಟ್ಸ್ ಎಂಬ ಪ್ರಸಿದ್ಧ ಚಿತ್ರಕಲಾವಿದ 1887ರಲ್ಲಿ, ರಾಣಿ ವಿಕ್ಟೋರಿಯಾಳ ಆಳ್ವಿಕೆಯ ಐವತ್ತನೆಯ ವರ್ಷದ ನೆನಪಿಗೆ ಇಂಥದೊಂದು ಸ್ಮಾರಕ ಬೇಕೆಂದು ಪತ್ರಿಕೆಗೆ ಬರೆದ. ಕೇಳಿದವರಿಲ್ಲ. ಕೊನೆಗೆ 1900ರಲ್ಲಿ ತಾನೇ ಕಟ್ಟಿಸಿದ. ಕಾಲುವೆಯಲ್ಲಿ ಮುಳುಗುತ್ತಿದ್ದ ಹುಡುಗನನ್ನು ಉಳಿಸಿ ಪ್ರಾಣ ಬಿಟ್ಟವನೊಬ್ಬನ ಹೆಸರು 2009ರಲ್ಲಿ ಸೇರಿದೆ.

ಈ ಗೋಡೆಯ ಮುಂದೆ ನಿಂತ ಕನ್ನಡದ ವಿದ್ಯಾರ್ಥಿಗೆ ಏನು ನೆನಪಾಗಬೇಕು? ನಮ್ಮ ವೀರಗಲ್ಲು. ಊರಿನ ದನಗಳನ್ನು ಬಿಡಿಸಲು, ಹೆಣ್ಣುಮಕ್ಕಳ ಮಾನ ಕಾಯಲು, ಊರು ಉಳಿಸಲು ಹೋರಾಡಿ ಸತ್ತವರಿಗೆ ನಮ್ಮ ಜನ ಕಲ್ಲು ನಿಲ್ಲಿಸಿದರು. ಲಂಡನ್ನಿನಲ್ಲಿ ಒಬ್ಬ ಕಲಾವಿದ ಹದಿಮೂರು ವರ್ಷ ಕಾದು ಮಾಡಿದ ಕೆಲಸವನ್ನು ನಮ್ಮ ಹಳ್ಳಿಗಳು ಸಾವಿರ ವರ್ಷಕ್ಕೂ ಹಿಂದೆ ಮಾಡಿದ್ದವು.

ನಿಮ್ಮ ಬೀದಿ

ಹೆಮ್ಮೆಪಡುವ ಮುನ್ನ ಇದನ್ನೂ ಕೇಳಿ. ‘ಬೆಂಗಳೂರು’ ಎಂಬ ಹೆಸರು ಕಾಣುವ ಹಳೆಯ ಶಾಸನ ಸುಮಾರು 890ರದು. ಅದಿರುವುದು ಬೇಗೂರಿನಲ್ಲಿ, ಬೆಂಗಳೂರು ಕಾಳಗದಲ್ಲಿ ಸತ್ತ ಬುಟ್ಟಣಸೆಟ್ಟಿಯ ನೆನಪಿನ ಕಲ್ಲಿನಲ್ಲಿ. ಅದಕ್ಕಿಂತಲೂ ಹಳೆಯದು ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು. ಎಂಟನೆಯ ಶತಮಾನದ, ಗಂಗರ ಶ್ರೀಪುರುಷನ ಕಾಲದ್ದು. ಅದು ಬೆಳಕಿಗೆ ಬಂದದ್ದು 2018ರಲ್ಲಿ, ನೆಲ ಅಗೆಯುವಾಗ. ಕಂಡವರು ಕೇಳಿ, ಓದಿಸಿ, ಉಳಿಸಿದ್ದರಿಂದ ಅದು ಇಂದು ಇದೆ. ಯಾರೂ ಕೇಳದೆ ಹೋದ ಕಲ್ಲುಗಳು ಅಗಸೆಕಲ್ಲಾದವು, ಚರಂಡಿಯ ಹಾಸಾದವು, ಪಾಯಕ್ಕೆ ಹೋದವು.

ಲಂಡನ್ನಿನಲ್ಲಿ ಹೊಸಬರಾಗಿ ನೋಡಿದ ಕಣ್ಣಿನಿಂದಲೇ ನಿಮ್ಮ ಊರನ್ನು ನೋಡಿ. ಬರುವ ಭಾನುವಾರ ಒಂದು ನೋಟು ಪುಸ್ತಕ, ಒಂದು ಪೆನ್ಸಿಲು ಹಿಡಿದು ಮನೆಯಿಂದ ಹೊರಡಿ. ದೂರ ಹೋಗಬೇಡಿ, ನಿಮ್ಮ ಬೀದಿ ಮತ್ತು ಅದರ ಪಕ್ಕದ ಬೀದಿ ಸಾಕು. ತಲೆಹೊರೆ ಇಳಿಸಲು ನಿಲ್ಲಿಸಿದ ಕಲ್ಲು, ದನಕ್ಕೆ ನೀರಿಡುತ್ತಿದ್ದ ತೊಟ್ಟಿ, ಹಳೆಯ ಮೈಲಿಗಲ್ಲು, ಅರಳಿಕಟ್ಟೆಗೆ ಒರಗಿಸಿದ ಅಕ್ಷರದ ಕಲ್ಲು, ಮುಚ್ಚಿಹೋದ ಬಾವಿ, ಏನು ಬೇಕಾದರೂ ಇರಬಹುದು. ಕಂಡದ್ದರ ಚಿತ್ರ ಬರೆಯಿರಿ, ಅಳತೆ ಹಿಡಿಯಿರಿ. ಕೆಳಗೆ ಮೂರು ಪ್ರಶ್ನೆ ಬರೆಯಿರಿ: ಇದನ್ನು ಮಾಡಿದವರು ಯಾರು? ಯಾರಿಗಾಗಿ ಮಾಡಿದರು? ಇದರ ಕೆಲಸ ನಿಂತದ್ದು ಏಕೆ? ಬೀದಿಯ ಹಿರಿಯರೊಬ್ಬರನ್ನು ಕೇಳಿ ಉತ್ತರ ಬರೆದುಕೊಳ್ಳಿ. ಆಮೇಲೆ ಅದನ್ನು ನಿಮ್ಮ ಚರಿತ್ರೆಯ ಅಧ್ಯಾಪಕರಿಗೆ ತೋರಿಸಿ, ತಾಳೆ ನೋಡಿ.

ಶೆಫರ್ಡ್ ಟೇಲರ್ ಚಿತ್ರ ಬರೆದಾಗ ಅವನೂ ನಿಮ್ಮಂತೆ ವಿದ್ಯಾರ್ಥಿಯೇ ಆಗಿದ್ದ.